ಸಲಾಡ್ ಸಪ್ಪೆಯಾದರೆ ತರಕಾರಿಯನ್ನು ಬೈಯಬೇಡಿ

ನಮಸ್ಕಾರ. ಬೇಸಿಗೆ ಕಾಲಿಟ್ಟೊಡನೆ ಎಲ್ಲರಿಗೂ ಸಲಾಡ್ ನೆನಪಾಗುತ್ತದೆ. ಒಲೆಯ ಮುಂದೆ ನಿಲ್ಲಲು ಬೇಸರ, ಹೊಟ್ಟೆಗೆ ಭಾರವಾದದ್ದು ಬೇಡ. ಹಾಗಾಗಿ ಸೌತೆಕಾಯಿ, ಟೊಮೆಟೊ, ಈರುಳ್ಳಿ ಹೆಚ್ಚಿ ಬಟ್ಟಲಿಗೆ ಸುರಿದು, ಮೇಲೊಂದಿಷ್ಟು ನಿಂಬೆರಸ ಹಿಂಡಿ, ಊಟ ಸಿದ್ಧ ಎನ್ನುತ್ತಾರೆ. ನಾಲ್ಕು ತುತ್ತು ಒಳಗೆ ಹೋಗುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಆಮೇಲೆ ತೀರ್ಪು ಹೊರಬೀಳುತ್ತದೆ: "ವೀಗನ್ ಊಟವೆಂದರೆ ಹೀಗೆಯೇ. ಚೀಸ್ ಇಲ್ಲ, ಮೊಸರಿಲ್ಲ, ಮೊಟ್ಟೆಯಿಲ್ಲ, ಇನ್ನು ರುಚಿ ಎಲ್ಲಿಂದ ಬರಬೇಕು?"

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಚೀಸ್ ಸಲಾಡಿಗೆ ಕೊಡುವುದೇನು? ಉಪ್ಪು, ಕೊಬ್ಬು, ನಾಲಿಗೆಗೆ ತುಂಬಿದ ರುಚಿ ಕೊಡುವ ಗ್ಲುಟಮೇಟ್. ಮೊಸರು ಕೊಡುವುದೇನು? ಹುಳಿ ಮತ್ತು ನುಣುಪು. ಇದರಲ್ಲಿ ಗಿಡ, ಕಾಳು, ಬೀಜಗಳಿಂದ ಸಿಗದಂಥದ್ದು ಒಂದೂ ಇಲ್ಲ. ಸಲಾಡನ್ನು ನಿಜವಾಗಿ ಕೆಡಿಸುವುದು ನೀರು. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ, ಎಲ್ಲರೂ ಚೀಸಿನ ಬಗ್ಗೆಯೇ ಕೊರಗುತ್ತಾರೆ.

ಸೌತೆಕಾಯಿಯ ತೂಕದಲ್ಲಿ ಸುಮಾರು ಶೇಕಡ 95ರಷ್ಟು ನೀರೇ ಇರುತ್ತದೆ. ಟೊಮೆಟೊ, ಲೆಟ್ಯೂಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಿದ ಹೋಳಿಗೆ ಉಪ್ಪು ತಗುಲಿದೊಡನೆ ಆ ನೀರು ಹೊರಬರಲು ಶುರುವಾಗುತ್ತದೆ. ನೀವು ಉಪ್ಪು ಹಾಕಿ ಕಲಸಿ, ಬಟ್ಟಲನ್ನು ಮೇಜಿನ ಮೇಲಿಟ್ಟು, ಎಲ್ಲರೂ ಬಂದು ಕೂರಲಿ ಎಂದು ಕಾಯುತ್ತೀರಿ. ಅಷ್ಟರಲ್ಲಿ ತಳದಲ್ಲಿ ಒಂದು ಸಣ್ಣ ಕೊಳ ನಿಂತಿರುತ್ತದೆ. ನೀವು ಹಾಕಿದ ಉಪ್ಪು, ಹುಳಿ, ಖಾರ ಎಲ್ಲವೂ ಆ ಕೊಳದಲ್ಲಿ, ಮೇಲಿನ ತರಕಾರಿ ಮಾತ್ರ ಸಪ್ಪೆ. ನೀವು ತಿನ್ನುವುದು ಮೇಲಿನದನ್ನು!

ಪರಿಹಾರ ಸುಲಭ. ಆ ನೀರನ್ನು ಮೊದಲೇ ಹೊರಗೆ ಕಳುಹಿಸಿ. ಅರ್ಧ ಕಿಲೊ ಸೌತೆಕಾಯಿ ಬಿಲ್ಲೆಗಳಿಗೆ ಒಂದು ಚಿಕ್ಕ ಚಮಚ ಉಪ್ಪು ಸವರಿ, ಜಾಲರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಹಗುರವಾಗಿ ಹಿಂಡಿ, ಬಟ್ಟೆಯಿಂದ ಒತ್ತಿ. ಈಗ ಅದೇ ಸೌತೆಕಾಯಿ ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ, ಮಸಾಲೆಯನ್ನು ಹಿಡಿದುಕೊಳ್ಳುತ್ತದೆ. ಎಲೆಕೋಸಿಗೂ ಇದೇ ಉಪಾಯ. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಕೈಯಿಂದ ಚೆನ್ನಾಗಿ ತಿಕ್ಕಿ. ಅದರ ಒರಟುತನವೂ ಹಸಿ ವಾಸನೆಯೂ ಕಡಿಮೆಯಾಗುತ್ತವೆ.

ಟೊಮೆಟೊ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅದಕ್ಕೂ ಉಪ್ಪು ಹಾಕಿ ಬಿಡಿ, ಆದರೆ ಇಳಿದ ರಸವನ್ನು ಚೆಲ್ಲಬೇಡಿ. ಬೀಜದ ಸುತ್ತಲಿನ ಲೋಳೆಯಲ್ಲಿ ತಿರುಳಿಗಿಂತ ಹೆಚ್ಚು ಗ್ಲುಟಮೇಟ್ ಇರುತ್ತದೆ, ಹಣ್ಣಿನ ಸಾರವೆಲ್ಲ ಅಲ್ಲಿದೆ. ಅಂದವಾಗಿ ಕಾಣಲೆಂದು ಬೀಜ, ಲೋಳೆ ತೆಗೆದು ಬರೀ ತಿರುಳನ್ನು ಚೌಕವಾಗಿ ಕತ್ತರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ರಸಕ್ಕೆ ಎಣ್ಣೆ, ಸ್ವಲ್ಪ ವಿನೆಗರ್, ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು ಸೇರಿಸಿ ಕಲಕಿದರೆ ಡ್ರೆಸ್ಸಿಂಗ್, ಅಂದರೆ ಸಲಾಡಿಗೆ ಕಲಸುವ ರಸ, ಅರ್ಧ ಮುಗಿದ ಹಾಗೆಯೇ. ಹಣ್ಣಾದ ಟೊಮೆಟೊವನ್ನು ಫ್ರಿಜ್ಜಿನಲ್ಲಿಟ್ಟು ಮರೆಯಲೂ ಬೇಡಿ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ದಿನಗಟ್ಟಲೆ ಇದ್ದರೆ ಅದರ ಸುವಾಸನೆ ಕುಗ್ಗುತ್ತದೆ. ಬಣ್ಣ ಹಾಗೆಯೇ ಇರುವುದರಿಂದ ನಮಗದು ಗೊತ್ತಾಗುವುದಿಲ್ಲ.

ಸೊಪ್ಪು ತೊಳೆದ ಮೇಲೆ ಪೂರ್ತಿ ಒಣಗಬೇಕು. ಎಲೆಯ ಮೇಲೆ ನೀರಿದ್ದರೆ ಎಣ್ಣೆ ಅಂಟುವುದಿಲ್ಲ, ಜಾರಿ ತಳ ಸೇರುತ್ತದೆ. ಸ್ವಚ್ಛ ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಗಿಲ ಹೊರಗೆ ನಿಂತು ಬೀಸಿ ಕೊಡವಿ. ಅಕ್ಕಪಕ್ಕದವರು ನೋಡಿದರೆ ನೋಡಲಿ.

ಇನ್ನು ಹಸಿ ಈರುಳ್ಳಿಯ ಘಾಟು. ಅದು ಗಡ್ಡೆಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಕತ್ತಿ ತಾಗಿ ಜೀವಕೋಶ ಒಡೆದಾಗ ಒಳಗಿನ ಕಿಣ್ವಗಳು ಗಂಧಕದ ಸಂಯುಕ್ತಗಳ ಜೊತೆ ಸೇರಿ ಅದನ್ನು ಹುಟ್ಟಿಸುತ್ತವೆ. ಆದ್ದರಿಂದ ಹರಿತವಾದ ಚಾಕು ಬಳಸಿ, ತೆಳುವಾಗಿ ಹೆಚ್ಚಿ, ತಣ್ಣೀರಿನಲ್ಲಿ ಜಾಲಾಡಿಸಿ, ನಿಂಬೆರಸದಲ್ಲಿ ಹತ್ತು ನಿಮಿಷ ನೆನೆಸಿಡಿ. ಕಣ್ಣೀರು ತರಿಸುತ್ತಿದ್ದದ್ದು ಗುಲಾಬಿ ಬಣ್ಣಕ್ಕೆ ತಿರುಗಿ ಸೌಮ್ಯವಾಗುತ್ತದೆ.

ಈಗ ಡ್ರೆಸ್ಸಿಂಗ್. ಪಾಠಪುಸ್ತಕದ ಅಳತೆ ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ. ಬೇಸಿಗೆಗೆ ಅದು ನನಗೆ ಜಿಡ್ಡೆನಿಸುತ್ತದೆ, ಎರಡಕ್ಕೆ ಒಂದು ಸಾಕು. ಉಪ್ಪನ್ನು ಮೊದಲು ಹುಳಿಯಲ್ಲಿ ಕರಗಿಸಿ, ಏಕೆಂದರೆ ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಒಂದು ಚಮಚ ಸಾಸಿವೆ ಪೇಸ್ಟ್ ಸೇರಿಸಿ ಚೆನ್ನಾಗಿ ಕಡೆದರೆ ಎಣ್ಣೆಯೂ ಹುಳಿಯೂ ಬೇಗ ಬೇರ್ಪಡುವುದಿಲ್ಲ. ಎಣ್ಣೆಯೇ ಬೇಡ ಎನ್ನುವವರಿಗೆ ಒಂದು ಮಾತು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್ ಕೊಬ್ಬಿನಲ್ಲಿ ಕರಗುವಂಥವು. ಊಟದಲ್ಲಿ ಒಂದಿಷ್ಟು ಕೊಬ್ಬಿದ್ದರೆ ಮಾತ್ರ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಣ್ಣೆ ಇಷ್ಟವಿಲ್ಲದಿದ್ದರೆ ಬೆಣ್ಣೆಹಣ್ಣು ಹಾಕಿ, ಇಲ್ಲವೇ ಬೀಜಗಳನ್ನು ಅರೆದು ಹಾಕಿ. ಕೊಬ್ಬೇ ಇಲ್ಲದ ಕ್ಯಾರೆಟ್ ತುರಿಯನ್ನು ಆರೋಗ್ಯದ ಹೆಸರಿನಲ್ಲಿ ಅಗಿಯುವುದು ನನ್ನ ಪ್ರಕಾರ ವ್ಯರ್ಥ ಶಿಸ್ತು.

ನುಣುಪಿನ ಡ್ರೆಸ್ಸಿಂಗ್ ಬೇಕೆನ್ನುವವರಿಗೆ ಎಳ್ಳಿನ ಪೇಸ್ಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಮೂರು ಚಮಚ ಪೇಸ್ಟಿಗೆ ಒಂದು ನಿಂಬೆಯ ರಸ ಹಾಕಿ ಕಲಕಿದೊಡನೆ ಅದು ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ. ಕೆಟ್ಟುಹೋಯಿತೆಂದು ಕೈಬಿಡುವವರು ಇಲ್ಲಿಯೇ ಕೈಬಿಡುತ್ತಾರೆ. ಸ್ವಲ್ಪಸ್ವಲ್ಪವೇ ತಣ್ಣೀರು ಹಾಕುತ್ತಾ ಕಡೆಯಿರಿ, ಕೆನೆಯ ಹಾಗೆ ಬೆಳ್ಳಗೆ ಸಡಿಲವಾಗುತ್ತದೆ. ಬೆಳ್ಳುಳ್ಳಿ, ಉಪ್ಪು ಸೇರಿಸಿದರೆ ಮುಗಿಯಿತು. ನೆನೆಸಿದ ಗೋಡಂಬಿ ಅರೆದರೂ ಚೆನ್ನ, ಆದರೆ ಅದು ಸ್ವಲ್ಪ ಸಿಹಿ, ಹುಳಿಯನ್ನು ಧಾರಾಳವಾಗಿ ಬೇಡುತ್ತದೆ.

ಮಯೊನೇಸ್ ಬಿಟ್ಟಿರಲಾರೆ ಎನ್ನುವವರಿಗೆ ಕಡಲೆಕಾಳು ಬೇಯಿಸಿದ ನೀರಿದೆ. 2014ರಲ್ಲಿ ಫ್ರಾನ್ಸ್‌ನ ಜೋಯೆಲ್ ರೋಸೆಲ್ ಕಾಳಿನ ನೀರು ಮೊಟ್ಟೆಯ ಬಿಳಿಭಾಗದಂತೆ ನೊರೆಯೇಳುವುದನ್ನು ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಇಬ್ಬರೂ ವೃತ್ತಿಪರ ಬಾಣಸಿಗರಲ್ಲ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿ ತಣಿಸಿದ ಆ ನೀರು ಕಾಲು ಕಪ್, ಸಾಸಿವೆ ಪೇಸ್ಟ್, ನಿಂಬೆರಸ, ಉಪ್ಪು. ಇದಕ್ಕೆ ಮುಕ್ಕಾಲು ಕಪ್ ಎಣ್ಣೆಯನ್ನು ನೂಲಿನಂತೆ ಸುರಿಯುತ್ತಾ ಬ್ಲೆಂಡರ್ ಓಡಿಸಿ, ದಪ್ಪಗಾಗುತ್ತದೆ.

ಅಂಗಡಿಯ ಸೀಸೆಯ ಡ್ರೆಸ್ಸಿಂಗ್ ಕೊಳ್ಳುವುದಾದರೆ ಹಿಂದಿನ ಸಣ್ಣ ಅಕ್ಷರ ಓದಿ. ಜೇನು ವೀಗನ್ ಅಲ್ಲ. ಕೇಸಿನ್, ವೇ ಎಂದಿದ್ದರೆ ಅದು ಹಾಲಿನದು. ಸಾಂಪ್ರದಾಯಿಕ ವೂಸ್ಟರ್ ಸಾಸ್‌ನಲ್ಲಿ ಸಣ್ಣ ಮೀನು ಇರುತ್ತದೆ.

ಇಷ್ಟೆಲ್ಲ ಹಸಿ ತರಕಾರಿಯ ಮಾತಾಯಿತು. ನನ್ನ ಮುಖ್ಯ ಜಗಳ ಇರುವುದು "ಸಲಾಡ್ ಎಂದರೆ ಹಸಿಯೇ" ಎನ್ನುವ ಹಟದ ಜೊತೆ. ಬಟ್ಟಲಿನಲ್ಲಿ ಎಲ್ಲವೂ ಹಸಿಯಾಗಿದ್ದರೆ ಬಾಯಿಗೆ ಬರೀ ಅಗಿಯುವ ಕೆಲಸ. ಒಂದಾದರೂ ಬೆಂಕಿ ಕಂಡದ್ದು ಇರಲಿ. ಹೂಕೋಸು, ದೊಣ್ಣೆ ಮೆಣಸಿನಕಾಯಿ, ಕುಂಬಳಕಾಯಿ ಇವುಗಳಿಗೆ ಎಣ್ಣೆ ಉಪ್ಪು ಸವರಿ 220 ಡಿಗ್ರಿ ಓವನ್ನಿನಲ್ಲಿ ಹುರಿದಾಗ ಅಂಚು ಕಂದಾಗಿ, ಒಂದು ಸಿಹಿ, ಒಂದು ಹುರಿದ ಪರಿಮಳ ಬರುತ್ತದೆ. ಈ ಕಂದು ಬಣ್ಣ ಚುರುಕಾಗಿ ಏರಲು ಸುಮಾರು 140 ಡಿಗ್ರಿ ಬೇಕು. ತರಕಾರಿಯ ಮೇಲ್ಮೈಯಲ್ಲಿ ನೀರಿರುವವರೆಗೆ ಅದು ನೂರು ಡಿಗ್ರಿ ದಾಟುವುದಿಲ್ಲ. ಇಲ್ಲೂ ಖಳನಾಯಕ ನೀರೇ, ನೋಡಿ. ಹಾಗಾಗಿ ತಟ್ಟೆಯಲ್ಲಿ ಹೋಳುಗಳನ್ನು ತುಂಬಿದ ಬಸ್ಸಿನಂತೆ ಒತ್ತೊತ್ತಾಗಿ ತುಂಬಬೇಡಿ. ನಡುವೆ ಜಾಗವಿದ್ದರೆ ಆವಿ ಹೊರಹೋಗಿ ಹುರಿಯುತ್ತವೆ, ಇಲ್ಲದಿದ್ದರೆ ಒಂದರ ಆವಿಯಲ್ಲಿ ಇನ್ನೊಂದು ಬೆಂದು ಮೆತ್ತಗಾಗುತ್ತದೆ.

ಬೇಸಿಗೆಯಲ್ಲಿ ಓವನ್ ಯಾರು ಹಚ್ಚುತ್ತಾರೆ ಎನ್ನುತ್ತೀರಾ? ನ್ಯಾಯವಾದ ಪ್ರಶ್ನೆ. ಬೆಳಿಗ್ಗೆ ತಂಪಿರುವಾಗ ಹುರಿದು ಫ್ರಿಜ್ಜಿನಲ್ಲಿಡಿ, ಇಲ್ಲವೇ ದಪ್ಪ ತಳದ ಬಾಣಲೆ ಸಾಕು. ಬಾಣಲೆ ಚೆನ್ನಾಗಿ ಕಾದ ಮೇಲೆ ಎಲೆಕೋಸಿನ ದಪ್ಪ ಹೋಳನ್ನು ಎಣ್ಣೆ ಸವರಿ ಇಟ್ಟು, ಐದು ನಿಮಿಷ ಕೈಹಾಕದೆ ಬಿಡಿ. ಸೌಟಿನಿಂದ ತಿರುವುತ್ತಲೇ ಇರುವ ಚಟ ನಮ್ಮಲ್ಲಿ ಅನೇಕರಿಗಿದೆ, ಅದರಿಂದ ತರಕಾರಿ ಎಂದೂ ಕಂದಾಗುವುದಿಲ್ಲ. ಕಪ್ಪು ಮಚ್ಚೆ ಬಿದ್ದ ಮೇಲೆ ಮಗುಚಿ, ಎಳ್ಳಿನ ಡ್ರೆಸ್ಸಿಂಗ್ ಸುರಿದು, ಹುರಿದ ಶೇಂಗಾ ಕುಟ್ಟಿ ಉದುರಿಸಿ. ಇದು ಪಕ್ಕದ ತಿನಿಸಲ್ಲ, ಒಂದು ಹೊತ್ತಿನ ಊಟ. ಬದನೆಕಾಯಿಯನ್ನು ಇಡಿಯಾಗಿ ಉರಿಯ ಮೇಲೆ ಸಿಪ್ಪೆ ಸುಟ್ಟು, ತಾನೇ ಕುಸಿಯುವವರೆಗೆ ಬಿಟ್ಟರೆ ಹೊಗೆಯ ಪರಿಮಳವೂ ಬರುತ್ತದೆ, ಎಣ್ಣೆ ಹೀರುವ ಅದರ ಕೆಟ್ಟ ಗುಣವೂ ತಪ್ಪುತ್ತದೆ.

ಬೀನ್ಸ್, ಬಟಾಣಿ, ಬ್ರಾಕೊಲಿಗೆ ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಸಾಕು, ಕೂಡಲೇ ಐಸ್ ನೀರಿಗೆ ಹಾಕಿ. ನಿಂಬೆರಸವನ್ನು ಇವಕ್ಕೆ ಬಡಿಸುವ ಹೊತ್ತಿಗೇ ಹಿಂಡಿ. ಹುಳಿ ತಗುಲಿದರೆ ಹಸಿರಿನ ಕ್ಲೊರೊಫಿಲ್ ತನ್ನ ಮೆಗ್ನೀಸಿಯಂ ಕಳೆದುಕೊಂಡು ಮಂಕಾದ ಕಂದು ಹಸಿರಿಗೆ ತಿರುಗುತ್ತದೆ. ಬೀಟ್‌ರೂಟನ್ನು ಸಿಪ್ಪೆ ಸಮೇತ ಬೇಯಿಸಿ, ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಬಟ್ಟಲಿನಲ್ಲಿರುವ ಸಕಲವೂ ಅದರ ಬಣ್ಣಕ್ಕೆ ಮತಾಂತರಗೊಳ್ಳುತ್ತದೆ.

ಹೊಟ್ಟೆ ತುಂಬಬೇಕಾದರೆ ಕಾಳು ಬೇಕೇಬೇಕು. ಬೆಂದ ಕಡಲೆಕಾಳಿಗೆ ಬಿಸಿಯಿರುವಾಗಲೇ ಉಪ್ಪು, ಹುಳಿ, ಎಣ್ಣೆ ಕಲಸಿ, ಆಗ ಒಳಗಿನವರೆಗೂ ಹಿಡಿಯುತ್ತದೆ. ರಾಜ್ಮಾ ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಸರಿಯಾಗಿ ಬೇಯದ ಕೆಂಪು ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಭೇದಿ ತರಿಸಬಲ್ಲದು. ಐದು ಗಂಟೆಗೂ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ನಂತರ ಮೆತ್ತಗಾಗುವವರೆಗೆ ಬೇಯಿಸಿ. ಪೂರ್ತಿ ವೀಗನ್ ಆಗಿರುವವರು ಬಿ12 ವಿಟಮಿನ್ನನ್ನು ಮಾತ್ರೆಯಿಂದಲೋ, ಅದನ್ನು ಸೇರಿಸಿದ ಆಹಾರದಿಂದಲೋ ಪಡೆಯಬೇಕು. ಎಷ್ಟು ಸೊಪ್ಪು ತಿಂದರೂ ಅದು ಸಿಗುವುದಿಲ್ಲ, ಜಾಲತಾಣದ ಯಾವ ಪ್ರಭಾವಿ ಏನೇ ಹೇಳಲಿ.

ಒಲೆ ಹಚ್ಚಲು ಸುತರಾಂ ಮನಸ್ಸಿಲ್ಲದ ದಿನಕ್ಕೆ ನನ್ನ ಆಯ್ಕೆ ಕಲ್ಲಂಗಡಿ. ದೊಡ್ಡ ಹೋಳುಗಳು, ಉಪ್ಪು ಹಾಕಿ ಹಿಂಡಿದ ಸೌತೆಕಾಯಿ, ಕೈಯಿಂದ ಹರಿದ ಪುದೀನ, ನಿಂಬೆರಸ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಹುರಿದ ಕುಂಬಳಬೀಜ. ಉಪ್ಪು ಕಹಿಯನ್ನು ಅಡಗಿಸುವುದರಿಂದ ಸಿಹಿ ಎದ್ದು ಕಾಣುತ್ತದೆ. ಬಡಿಸುವ ಕ್ಷಣದವರೆಗೆ ಕಲ್ಲಂಗಡಿಗೆ ಉಪ್ಪು ತಾಗಿಸಬೇಡಿ, ಕಾರಣ ನಿಮಗೀಗ ಗೊತ್ತೇ ಇದೆ.

ಫ್ರಿಜ್ಜಿನಿಂದ ತೆಗೆದ ಸಲಾಡನ್ನು ಹತ್ತು ನಿಮಿಷ ಹೊರಗಿಡಿ. ಕೊರೆಯುವ ತಂಪಿನಲ್ಲಿ ಸಿಹಿಯೂ ಪರಿಮಳವೂ ಮಂಕಾಗುತ್ತವೆ, ಆಮೇಲೆ ನಾವು ತರಕಾರಿಯನ್ನು ಬೈಯುತ್ತೇವೆ. ಹಾಗೆಂದು ಮಧ್ಯಾಹ್ನವೆಲ್ಲ ಹೊರಗಿಡಬೇಡಿ. ಹೆಚ್ಚಿದ ಹಣ್ಣು, ಬೆಂದ ಕಾಳು ಹೊರಗಿರಬಹುದಾದದ್ದು ಎರಡು ಗಂಟೆ, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಉಳಿದುಹೋದರೆ? ಡ್ರೆಸ್ಸಿಂಗ್ ತಗುಲಿ ಬಾಡಿದ ಲೆಟ್ಯೂಸ್‌ಗೆ ಪುನರ್ಜನ್ಮವಿಲ್ಲ, ಅದನ್ನು ಗೊಬ್ಬರಕ್ಕೆ ಹಾಕಿ. ಹೊತ್ತು ಮೀರುವ ಮೊದಲೇ ಫ್ರಿಜ್ ಸೇರಿದ ಟೊಮೆಟೊ, ಸೌತೆಕಾಯಿ, ದೊಣ್ಣೆ ಮೆಣಸಿನಕಾಯಿಯನ್ನು ಮಾತ್ರ ತಳದ ರಸದ ಸಮೇತ, ಒಂದು ತುಂಡು ಒಣ ಬ್ರೆಡ್ ಸೇರಿಸಿ ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಿ. ಒಂದು ಚಮಚ ಎಣ್ಣೆ, ಬೇಕಿದ್ದರೆ ಇನ್ನಷ್ಟು ವಿನೆಗರ್ ಹಾಕಿ ತಣ್ಣಗೆ ಮಾಡಿದರೆ ಮರುದಿನದ ಸೂಪ್ ಆಗುತ್ತದೆ. ಲೋಟಕ್ಕೆ ಸುರಿಯುವ ಮುನ್ನ ಉಪ್ಪು ನೋಡಿ, ತಣ್ಣಗಿನದಕ್ಕೆ ಒಂದು ಚಿಟಿಕೆ ಹೆಚ್ಚೇ ಬೇಕಾಗುತ್ತದೆ.