ಪೊಟ್ಟಣದ ಬೆನ್ನು ಓದಿ

ಕೇಳುಗರಿಗೆ ನಮಸ್ಕಾರ. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆ ರೇಡಿಯೊ ಹಾಕಿಕೊಂಡು ಕೂತವರಲ್ಲಿ ಮನೆಗೊಬ್ಬರಿಗಾದರೂ ಶುಗರ್ ಇದ್ದೀತು. ಅಂಥ ಮನೆಯವರಿಗೇ ಇವತ್ತಿನ ಮಾತು. ಅಂಗಡಿಗಳಲ್ಲಿ ಈಗ ಶುಗರ್ ಫ್ರೀ, ಲೋ ಕಾರ್ಬ್, ಕೀಟೋ ಅಂತ ಬರೆದ ಪೊಟ್ಟಣಗಳಿಗೆ ಬೇರೆಯೇ ಕಪಾಟು. ಲೋ ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ, ಕೀಟೋ ಅಂದರೆ ಅದು ತೀರಾ ಕಡಿಮೆ ಅಂತ ಅವರ ಮಾತು. ನಾನು ಹೇಳುವುದು ಒಂದೇ: ಪೊಟ್ಟಣದ ಮುಖ ಓದಬೇಡಿ, ಬೆನ್ನು ಓದಿ.

ಬೆನ್ನಿನಲ್ಲಿ ಪೋಷಕಾಂಶಗಳ ಪಟ್ಟಿ ಇರುತ್ತದೆ. ನಮ್ಮ ಕಡೆ ಬರುವ ಪೊಟ್ಟಣಗಳಲ್ಲಿ ಇದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ, ‘ಸಿ’ ಅಕ್ಷರದಿಂದ ಶುರುವಾಗುವ ಉದ್ದದ ಶಬ್ದ ಹುಡುಕಿ. ಅಂಥವು ಎರಡು ಸಿಗುತ್ತವೆ. ಮಿಲಿಗ್ರಾಂ ಲೆಕ್ಕದಲ್ಲಿರುವುದು ಕೊಲೆಸ್ಟ್ರಾಲ್, ಅದನ್ನು ಬಿಡಿ. ಗ್ರಾಂ ಲೆಕ್ಕದಲ್ಲಿರುವುದು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆಗಳ ಒಟ್ಟು ಲೆಕ್ಕ. ರಕ್ತದ ಶುಗರ್ ಏರಿಸುವುದು ಮುಖ್ಯವಾಗಿ ಇದೇ. ಅದರ ಎದುರು 100 ಗ್ರಾಂಗೆ ಎಷ್ಟು ಎಂದು ನೋಡಿ. ಅಷ್ಟೇ ಕೆಲಸ.

ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕರ ಸಂಗತಿ ಹೇಳುತ್ತೇನೆ. ಅನ್ನ ಅರ್ಧ ಮಾಡಿದರು, ಚಹಾಕ್ಕೆ ಸಕ್ಕರೆ ಬಿಟ್ಟರು, ಆದರೂ ಊಟದ ನಂತರದ ಶುಗರ್ ಇಳಿಯಲಿಲ್ಲ. ಮನೆಯವರಿಗೆ ಮಾತ್ರೆಯ ಮೇಲೆಯೇ ಸಂಶಯ. ನೋಡಿದರೆ ಊಟ ಮುಗಿಸಿ ಚಹಾದ ಜೊತೆ ಆರು ಬಿಸ್ಕತ್ತು. “ಸಕ್ಕರೆ ಇಲ್ಲದ್ದಲ್ಲವಾ, ಎಷ್ಟು ತಿಂದರೂ ಅಡ್ಡಿಯಿಲ್ಲ” ಅಂತ ಅವರ ಹೆಂಡತಿಯೇ ತಟ್ಟೆಗೆ ಹಾಕಿಕೊಡುತ್ತಿದ್ದರು. ಒಂದು ದಿನ ಅವರ ಅಳಿಯ ಪೊಟ್ಟಣ ತಿರುಗಿಸಿದ. ಸೇರಿಸಿದ ಸಕ್ಕರೆ ಸೊನ್ನೆ, ನಿಜ. ಕಾರ್ಬೋಹೈಡ್ರೇಟ್ 100 ಗ್ರಾಂಗೆ 70 ಗ್ರಾಂ! ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ತೂಕದ ಕ್ರಮದಲ್ಲಿರುತ್ತದೆ, ಹೆಚ್ಚಿರುವುದು ಮೊದಲು. ಇದರಲ್ಲಿ ಮೊದಲು ಮೈದಾ, ಆಮೇಲೆ ತಾಳೆ ಎಣ್ಣೆ, ಮೂರನೆಯದು ಮಾಲ್ಟೋಡೆಕ್ಸ್‌ಟ್ರಿನ್. ಈ ಮೂರನೆಯದು ಸಕ್ಕರೆಯ ಲೆಕ್ಕಕ್ಕೆ ಬಾರದ ಪಿಷ್ಟದ ಪುಡಿ, ಆದರೆ ಹೊಟ್ಟೆಗೆ ಹೋದ ಮೇಲೆ ಬೇಗನೆ ಗ್ಲೂಕೋಸ್ ಆಗುತ್ತದೆ.

ಅಳಿಯ ಲೆಕ್ಕ ಹಾಕಿದ. ಪೊಟ್ಟಣದಲ್ಲಿ ‘ಒಂದು ಸರ್ವಿಂಗ್’ ಎಂದರೆ ಎರಡು ಬಿಸ್ಕತ್ತು, 15 ಗ್ರಾಂ, ಅದರಲ್ಲಿ ಹತ್ತೂವರೆ ಗ್ರಾಂ ಕಾರ್ಬೋಹೈಡ್ರೇಟ್. ಕೇಳಲು ಚಿಕ್ಕ ಸಂಖ್ಯೆ. ಆದರೆ ಮಾವ ತಿನ್ನುವುದು ಆರು, ಅಂದರೆ 31 ಗ್ರಾಂ ಮೀರಿತು. 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 28. ಬಿಟ್ಟ ಅನ್ನ ಬಿಸ್ಕತ್ತಿನ ವೇಷದಲ್ಲಿ ತಟ್ಟೆಗೆ ವಾಪಸು ಬಂದಿತ್ತು. ಬೆಲೆಯನ್ನೂ ಕೇಳಿ. 150 ಗ್ರಾಂ ಪೊಟ್ಟಣಕ್ಕೆ 75 ರೂಪಾಯಿ, ಗ್ರಾಂಗೆ 50 ಪೈಸೆ. ಅದೇ ಅಂಗಡಿಯ ಸಾದಾ ಬಿಸ್ಕತ್ತು ಗ್ರಾಂಗೆ 16 ಪೈಸೆ, ಕಾರ್ಬೋಹೈಡ್ರೇಟ್ 76. ಆರು ಗ್ರಾಂ ಕಡಿಮೆಗೆ ಮೂರು ಪಟ್ಟು ದುಡ್ಡು!

ಕಂಪನಿಯವರು ಸುಳ್ಳು ಬರೆದಿರಲಿಲ್ಲ, ಗೊತ್ತಿರಲಿ. ಶುಗರ್ ಫ್ರೀ ಅನ್ನಲು 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು ಎಂದು ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಸಕ್ಕರೆ ಮಾತ್ರ, ಮೈದಾ ಅಲ್ಲ. ಲೋ ಕಾರ್ಬ್ ಅನ್ನಲು ಇಂತಿಷ್ಟೇ ಗ್ರಾಂ ಇರಬೇಕೆಂಬ ಅಳತೆ ಆ ನಿಯಮಗಳ ಪಟ್ಟಿಯಲ್ಲೇ ಇಲ್ಲ. ಅದಕ್ಕೇ ಮತ್ತೆ ಹೇಳುವುದು, ಬೆನ್ನು ಓದಿ.

ಬಿಸ್ಕತ್ತಿನಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗಬೇಗ ಹೇಳುತ್ತೇನೆ. ಎಂಆರ್‌ಪಿ ಹತ್ತಿರ ಗ್ರಾಂಗೆ ಎಷ್ಟು ರೂಪಾಯಿ ಎಂದು ಬರೆದಿರುತ್ತದೆ. ಅದನ್ನು ಸಾವಿರದಿಂದ ಗುಣಿಸಿದರೆ ಕಿಲೋ ಬೆಲೆ. ಚಿಕ್ಕ ಪೊಟ್ಟಣದ ಮೋಸ ಅಲ್ಲೇ ಬಯಲಾಗುತ್ತದೆ. ಕೀಟೋ ಚಾಕಲೇಟಿನಲ್ಲಿ ಮಾಲ್ಟಿಟಾಲ್ ಎಂಬ ಸಕ್ಕರೆ ಬದಲಿಯ ಸಿಹಿ, ಅಂದರೆ ಪಟ್ಟಿಯಲ್ಲಿ 965 ಎಂಬ ಸಂಖ್ಯೆ ಇದ್ದರೆ, ಅದನ್ನು ಕಾರ್ಬೋಹೈಡ್ರೇಟಿನಿಂದ ಪೂರ್ತಿ ಕಳೆದು, ಉಳಿದ ‘ನೆಟ್ ಕಾರ್ಬ್’ ಸೊನ್ನೆ ಅನ್ನುತ್ತಾರೆ. ಅದೂ ಸ್ವಲ್ಪ ಮಟ್ಟಿಗೆ ಶುಗರ್ ಏರಿಸುತ್ತದೆ, ಅರ್ಧ ಮಾತ್ರ ಕಳೆಯಿರಿ. ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ. ಸಿರಿಧಾನ್ಯ ಒಳ್ಳೆಯದೇ, ಆದರೆ ಲೋ ಕಾರ್ಬ್ ಅಲ್ಲ: 100 ಗ್ರಾಂ ನವಣೆಯಲ್ಲಿ ಸುಮಾರು 60 ಗ್ರಾಂ, ರಾಗಿಯಲ್ಲಿ 65ಕ್ಕೂ ಮೇಲೆ.

ಲೋ ಕಾರ್ಬ್ ಅಂತ ದುಬಾರಿ ತೆಂಗಿನ ಹಿಟ್ಟು ಕೊಳ್ಳುವವರಿಗೆ ಒಂದು ಮಾತು. ಕಾಯಿಹಾಲು ಹಿಂಡಿ ಉಳಿದ ಚರಟವನ್ನು ತೆಳ್ಳಗೆ ಹರಡಿ, ಗರಿಗರಿಯಾಗುವ ತನಕ ಒಣಗಿಸಿ ಪುಡಿ ಮಾಡಿದರೆ ಅದೇ ಹಿಟ್ಟು. ಪಸೆ ಉಳಿದರೆ ನಾಲ್ಕೇ ದಿನದಲ್ಲಿ ಕಮಟು ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿಡಿ. ದೋಸೆಗೆ ಅಕ್ಕಿಯ ಕಾಲು ಭಾಗದ ಬದಲು ಮಾತ್ರ ಇದನ್ನು ಸೇರಿಸಿ. ಹೆಚ್ಚಾದರೆ ನೀರು ಹೀರಿ ಹಿಟ್ಟು ಗಟ್ಟಿಯಾಗುತ್ತದೆ, ಕಾವಲಿಯಿಂದ ಎಬ್ಬಿಸುವಾಗ ದೋಸೆ ಹರಿಯುತ್ತದೆ.

ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟ್ ಒಮ್ಮೆಲೇ ಇಳಿಸಬೇಡಿ. ಮದ್ದಿನ ಪ್ರಮಾಣ ಹಾಗೇ ಇದ್ದರೆ ಶುಗರ್ ತೀರಾ ಕುಸಿದು ಬೆವರು, ನಡುಕ ಬರಬಹುದು. ಮೊದಲು ಡಾಕ್ಟರನ್ನು ಕೇಳಿ. ಇನ್ನು ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಬಿಲ್ಲು, ಪೊಟ್ಟಣ ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಮಸ್ಕಾರ.