ದಾವಣಗೆರೆಯಲ್ಲಿ ಸಂಜೆ ಆರರಿಂದ ಒಂಬತ್ತು

ನಮಸ್ಕಾರ. ಇವತ್ತು ನಾನು ಮಾತಾಡುವುದು ದಿನದ ಮೂರು ಗಂಟೆಗಳ ಬಗ್ಗೆ. ಸಂಜೆ ಆರರಿಂದ ಒಂಬತ್ತು. ನಮ್ಮೂರಿನ ಹದಿನಾರರಿಂದ ಇಪ್ಪತ್ತೈದರ ಒಳಗಿನ ಹುಡುಗ ಹುಡುಗಿಯರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಅವರ ಜೊತೆ ಯಾರಿರುತ್ತಾರೆ?

ಬೆಳಗಿನ ದಾವಣಗೆರೆ ನಿಮಗೆಲ್ಲ ಗೊತ್ತು. ಜಗಳೂರು, ಚನ್ನಗಿರಿ, ಹರಪನಹಳ್ಳಿ, ಹೊಳಲ್ಕೆರೆ ಕಡೆಯ ಬಸ್ಸುಗಳು ಬಂದು ನಿಂತರೆ ಸಾಕು, ಬ್ಯಾಗು ಹಾಕಿಕೊಂಡ ಮಕ್ಕಳೇ ಮಕ್ಕಳು. ಹತ್ತಿ ಗಿರಣಿಗಳಿದ್ದಾಗ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾಲೇಜುಗಳು ಬೆಳೆದವು. ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರದ್ದು, ಜೆಜೆಎಂ ಮೆಡಿಕಲ್ ಕಾಲೇಜು 1965ರದ್ದು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಕಲಿಸುವ ಊರು ಅನ್ನುವ ಹೆಸರನ್ನು ದಾವಣಗೆರೆ ದುಡಿದು ಗಳಿಸಿದೆ.

ಆದರೆ ಕಾಲೇಜು ಗೇಟಿನ ಹೊರಗೆ? ರೈಲು ಹಳಿ ದಾಟಿ ಹಳೇ ದಾವಣಗೆರೆ ಕಡೆ ಬನ್ನಿ. ಮಂಡಕ್ಕಿ ಭಟ್ಟಿಯಲ್ಲಿ ನಸುಕಿನಿಂದ ಬೆಂಕಿ ಮುಂದೆ ನಿಂತು ದುಡಿದ ಹುಡುಗ ಸಂಜೆಗೆ ಮುಖ ತೊಳೆದು ಬೀದಿಗೆ ಬರುತ್ತಾನೆ. ಅವನಿಗೆ ಯಾವ ಕಾಲೇಜಿನ ಎನ್‌ಎಸ್‌ಎಸ್ ಘಟಕವೂ ಇಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗಿ ಮನೆಯೊಳಗೇ ಇರುತ್ತಾಳೆ. ಹಳ್ಳಿಗಳಲ್ಲಿ ಅರಳಿಕಟ್ಟೆ ಮೇಲೆ ಐದಾರು ಜನ, ಎಲ್ಲರ ಕೈಯಲ್ಲೂ ಮೊಬೈಲು. ಇವರ ಹತ್ತಿರ ಹೋಗಿ ಕೂರುವುದೇ ಕೆಲಸ ಅಂತ ಇರುವ ಒಬ್ಬ ಮನುಷ್ಯ ಬೇಕಲ್ವಾ? ಅಂಥವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬ್ರಿಟನ್ನಿನಲ್ಲಿ ಯುವಜನರ ಜೊತೆ ಕೆಲಸ ಮಾಡುವುದು ಒಂದು ವೃತ್ತಿ. ಅದಕ್ಕೆ ಡಿಗ್ರಿ ಇದೆ, ತರಬೇತಿ ಇದೆ, ಸಂಬಳ ಇದೆ. ಅದರ ಮೊದಲ ನಿಯಮ ನನಗೆ ತುಂಬಾ ಇಷ್ಟ: ಹುಡುಗ ತಾನಾಗಿ ಬರಬೇಕು, ಬೇಡ ಅನಿಸಿದ ದಿನ ಎದ್ದು ಹೋಗುವ ಹಕ್ಕು ಅವನಿಗಿರಬೇಕು. ಹಾಜರಿ ಇಲ್ಲ, ಪರೀಕ್ಷೆ ಇಲ್ಲ. ಹಾಗಿದ್ದೂ ಅವನು ನಾಳೆ ಮತ್ತೆ ಬರುತ್ತಾನೆ ಅಂದರೆ ಅಲ್ಲಿ ಏನೋ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಆದರೆ ಅಲ್ಲೂ 2010ರ ನಂತರ ಸ್ಥಳೀಯ ಆಡಳಿತಗಳು ಇದಕ್ಕೆ ಕೊಡುವ ಹಣಕ್ಕೆ ಭಾರೀ ಕತ್ತರಿ ಬಿತ್ತು, ನೂರಾರು ಯುವ ಕೇಂದ್ರಗಳು ಮುಚ್ಚಿದವು. ಬಜೆಟ್ ಬಿಗಿಯಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಇಂಥದ್ದರ ಮೇಲೆ.

ನಮ್ಮಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಎನ್‌ಎಸ್‌ಎಸ್ 1969ರಿಂದ ಇದೆ, ನೆಹರು ಯುವ ಕೇಂದ್ರಗಳು 1972ರಲ್ಲಿ ಶುರುವಾದವು. ಊರೂರಿಗೆ ಯುವಕ ಸಂಘಗಳಿವೆ. ಎಷ್ಟೋ ಒಳ್ಳೆಯ ಕೆಲಸ ಅವುಗಳಿಂದ ಆಗಿದೆ. ನನ್ನ ತಕರಾರು ಇರುವುದು ನಾವು ಕಾರ್ಯಕ್ರಮವನ್ನೇ ಕೆಲಸ ಅಂದುಕೊಂಡಿರುವುದಕ್ಕೆ. ಜನವರಿ 12, ರಾಷ್ಟ್ರೀಯ ಯುವ ದಿನ ಬಂದರೆ ಶಾಮಿಯಾನ, ಭಾಷಣ, ಪ್ರತಿಜ್ಞೆ, ಗ್ರೂಪ್ ಫೋಟೊ. ವರದಿಯಲ್ಲಿ ಕೇಳುವುದು ಎಷ್ಟು ಜನ ಬಂದಿದ್ದರು ಅಂತ. ಬಂದವರಲ್ಲಿ ಯಾರು ಜನವರಿ 13ಕ್ಕೆ ಎಲ್ಲಿದ್ದಾರೆ ಅಂತ ಕೇಳುವ ಕಾಲಂ ಆ ಫಾರ್ಮಿನಲ್ಲಿ ಇರುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಜಗಳೂರು ಕಡೆಯವನು, ಐಟಿಐ ಫಿಟ್ಟರ್ ಮುಗಿಸಿದ್ದ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮೂಟೆ ಹೊರುತ್ತಿದ್ದ. ನಾವು ಕೆಲವರು ಸೇರಿ ಒಂದು ಬಾಡಿಗೆ ಕೋಣೆಯಲ್ಲಿ ಸಂಜೆ ಹೊತ್ತು ಕೇರಂ ಬೋರ್ಡು, ಪೇಪರು, ನಾಲ್ಕು ಪುಸ್ತಕ ಇಟ್ಟುಕೊಂಡು ಕೂರುತ್ತೇವೆ. ಅಲ್ಲಿಗೆ ಬರುತ್ತಿದ್ದ. ಮಾತೇ ಇಲ್ಲ. ಬರುವುದು, ಆಡುವುದು, ಹೋಗುವುದು. ನಾವೂ ಏನೂ ಕೇಳಲಿಲ್ಲ. ಒಂದು ಸಂಜೆ ಸ್ಟ್ರೈಕರ್ ಪಕ್ಕಕ್ಕಿಟ್ಟು, ಬೋರ್ಡಿನ ಮೇಲೆ ಮೊಬೈಲನ್ನು ನನ್ನ ಕಡೆ ತಿರುಗಿಸಿದ. "ಅಣ್ಣಾ, ಇದರಾಗೆ ಏನ್ ಬರ್ದಾರೆ ನೋಡು" ಅಂದ. ಇಂಗ್ಲಿಷಿನಲ್ಲಿ ಬೆದರಿಕೆ. ಇವತ್ತು ರಾತ್ರಿಯೊಳಗೆ ದುಡ್ಡು ಕಟ್ಟದಿದ್ದರೆ ನಿನ್ನ ಫೋಟೊ ತಿದ್ದಿ ನಿನ್ನ ಮೊಬೈಲಿನಲ್ಲಿರುವ ಎಲ್ಲರಿಗೂ ಕಳಿಸುತ್ತೇವೆ ಅಂತ.

ಆನ್‌ಲೈನ್ ಆಟಕ್ಕೆ ದುಡ್ಡು ಹಾಕಿದ್ದ. ಅದು ಹೋಯಿತು ಅಂತ ಸಾಲದ ಆಪಿನಲ್ಲಿ ಸಾಲ, ಆ ಸಾಲ ತೀರಿಸಲು ಇನ್ನೊಂದು ಆಪು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಕೇಂದ್ರದ ಕಾನೂನೇ ಬಂತು, ಒಳ್ಳೆಯದಾಯಿತು. ಆದರೆ ಅದಕ್ಕೆ ಮುಂಚೆ ಮಾಡಿದ ಸಾಲ ಹುಡುಗರ ತಲೆ ಮೇಲೆ ಹಾಗೇ ಉಳಿದಿದೆ. ಅವತ್ತು ನಾವು ಮಾಡಿದ್ದು ಇಷ್ಟೇ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಅಂತ ಬರೆಸಿದೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿಸಿದೆವು. ಮಾರನೇ ದಿನ ಅವನ ಜೊತೆ ಠಾಣೆಗೆ ಹೋದೆವು. ಎಲ್ಲಕ್ಕಿಂತ ಕಷ್ಟದ್ದು ಅವರಮ್ಮನಿಗೆ ಹೇಳುವುದಾಗಿತ್ತು. ಅವನು ಹೇಳುವಾಗ ನಾವು ಪಕ್ಕದಲ್ಲಿ ಕೂತಿದ್ದೆವು.

1930 ಅನ್ನುವ ನಂಬರು ಪೋಸ್ಟರಿನಲ್ಲೂ ಇದೆ. ಅವನೂ ಅದನ್ನು ನೋಡಿಯೇ ಇದ್ದ. ಗೋಡೆ ಮೇಲಿನ ನಂಬರಿಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಷ್ಟು ದಿನ ಏನೂ ಕೇಳದೆ ಎದುರಿಗೆ ಕೂತು ಕೇರಂ ಆಡಿದವರಿಗೆ ಬಿಚ್ಚುತ್ತಾರೆ. ಆ ಸುಮ್ಮನೆ ಕೂತ ಸಂಜೆಗಳನ್ನು ಯಾವ ಇಲಾಖೆಯೂ ಕೆಲಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಕೆಲಸದ ಮುಕ್ಕಾಲು ಭಾಗ ಅದೇ.

ಹುಡುಗಿಯರ ವಿಷಯ ಬೇರೆಯೇ. ನಮ್ಮ ಕೋಣೆಗೆ ಬರುವವರಲ್ಲಿ ಹುಡುಗರೇ ಜಾಸ್ತಿ. ಹುಡುಗರು ತುಂಬಿರುವ ಕೋಣೆಗೆ ಕತ್ತಲಾದ ಮೇಲೆ ಮಗಳನ್ನು ಯಾರು ಕಳಿಸುತ್ತಾರೆ? ತಾಯಂದಿರು ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಿ ಯಾರಿರ್ತಾರೆ?" ನ್ಯಾಯವಾದ ಪ್ರಶ್ನೆ. ಓಣಿಗೆ ಪರಿಚಯ ಇರುವ ಒಬ್ಬ ಅಕ್ಕ ದಿನಾ ಇರುತ್ತಾಳೆ ಅಂತಾದರೆ, ಹುಡುಗಿಯರಿಗೇ ಅಂತ ಬೇರೆ ಹೊತ್ತು ಇಟ್ಟರೆ, ಕಳಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿದೆ. ಬಸ್ಸು ಹತ್ತಿ ಬರಬಹುದು ಅಂತಾಗಿದೆ, ಬಂದು ಇಳಿಯುವುದಕ್ಕೆ ಒಂದು ಜಾಗ ಬೇಕು. ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಮದುವೆ ಮಾತು ಮನೆಯಲ್ಲಿ ಶುರುವಾದಾಗ ಆ ಹುಡುಗಿ ಮೊದಲು ಯಾರಿಗೆ ಹೇಳಬೇಕು? ಮಕ್ಕಳ ಸಹಾಯವಾಣಿ 1098 ಇದೆ, ನಿಜ. ಪಕ್ಕದ ಓಣಿಯ ಅಕ್ಕ ಇದ್ದರೆ ಆ ಫೋನು ಸರಿಯಾದ ಹೊತ್ತಿಗೆ ಹೋಗುತ್ತದೆ.

ಇನ್ನೊಂದು ಮಾತು, ಬಾಯಿಬಿಟ್ಟು ಹೇಳಲೇಬೇಕಾದದ್ದು. ಜಾಗ ಎಲ್ಲಿದೆ ಅನ್ನುವುದು ಮುಖ್ಯ. ಗುಡಿ ಅಂಗಳದಲ್ಲಿ ಇಟ್ಟರೆ ಒಂದು ಕೇರಿಯ ಮಕ್ಕಳು ಬರುವುದಿಲ್ಲ. ಒಬ್ಬ ಮುಖಂಡರ ಕಟ್ಟಡದಲ್ಲಿ ಇಟ್ಟರೆ ಇನ್ನೊಂದು ಪಾರ್ಟಿಯವರ ಮಕ್ಕಳು ಬರುವುದಿಲ್ಲ. ಅದಕ್ಕೇ ನನಗೆ ಪಂಚಾಯಿತಿ ಲೈಬ್ರರಿ ಮೇಲೆ ಅಷ್ಟು ಆಸೆ. ಅದು ಎಲ್ಲರದ್ದು. ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ಮಕ್ಕಳ ದಿನಾಚರಣೆಗೆ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಎಷ್ಟೋ ಕಡೆ ಬಣ್ಣ ಹೊಡೆದಿದ್ದಾರೆ, ಕಂಪ್ಯೂಟರ್ ಇಟ್ಟಿದ್ದಾರೆ. ಆದರೆ ದುಡಿಯುವ ಹುಡುಗ ಮನೆಗೆ ಬರುವ ಹೊತ್ತಿಗೆ ಬೀಗ ಬಿದ್ದಿದ್ದರೆ ಆ ಬಣ್ಣ ಅವನಿಗೆ ಯಾಕೆ? ಹಾಗಂತ ಲೈಬ್ರರಿ ಮೇಲ್ವಿಚಾರಕರನ್ನು ದೂರಬೇಡಿ. ಅವರು ತಮ್ಮ ಕನಿಷ್ಠ ವೇತನಕ್ಕೇ ವರ್ಷಗಟ್ಟಲೆ ಹೋರಾಡಿದವರು.

ಜೊತೆಗಿರುವ ಮನುಷ್ಯ ಬೇಕು ಅನ್ನುವುದು ಸರ್ಕಾರಕ್ಕೆ ಹೊಳೆಯದ ಯೋಚನೆಯೂ ಅಲ್ಲ. ಯುವಜನ ಸಬಲೀಕರಣ ಇಲಾಖೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಜೊತೆ ಸೇರಿ ಯುವಜನರಿಗೆ ಮಾರ್ಗದರ್ಶನ ಕೊಡುವ ಯುವ ಸ್ಪಂದನ ನಡೆಸಿತು. ಅದರಲ್ಲಿ ಊರಿನದೇ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಯುವ ಪರಿವರ್ತಕರು ಅಂತ ಮಾಡಿದರು. ನನಗೆ ಅನಿಸುವುದು, ಆ ದಾರಿಯಲ್ಲಿ ಪ್ರತಿ ಪಂಚಾಯಿತಿಗೂ ಹೋಗಬೇಕು. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಆಮೇಲೆ? ಅವರಲ್ಲೇ ಇಷ್ಟ ಇರುವವರಿಗೆ ತರಬೇತಿ ಕೊಟ್ಟು, ಮರ್ಯಾದೆಯ ಸಂಬಳ ಕೊಟ್ಟು, ಸಂಜೆಯ ಅರಿವು ಕೇಂದ್ರದಲ್ಲಿ ಕೂರಿಸಬಹುದಲ್ವಾ? ಸೇವೆ ಅನ್ನುವ ದೊಡ್ಡ ಹೆಸರಿಟ್ಟು ಬಿಟ್ಟಿ ದುಡಿಸಿಕೊಳ್ಳುವುದು ಮಾತ್ರ ಬೇಡ. ಬಿಟ್ಟಿ ಬಂದವರು ಆರು ತಿಂಗಳಿಗೆ ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗುತ್ತಾರೆ, ಮಕ್ಕಳು ಮತ್ತೆ ಕಟ್ಟೆ ಮೇಲೆ.

ಎಷ್ಟು ವರ್ಷ ಹಿಡಿಯುತ್ತದೆ ಅಂತ ಕೇಳಿದರೆ ನಾನು ಸಾಣೇಹಳ್ಳಿ ಕಡೆ ತೋರಿಸುತ್ತೇನೆ. ಹೊಸದುರ್ಗ ತಾಲೂಕಿನ ಒಂದು ಹಳ್ಳಿ. ಅಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ಅನ್ನುವ ನಾಟಕ ತಂಡ ಪ್ರತಿ ವರ್ಷ ಹೊಸ ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ಕಲಾವಿದರು ಸಂಬಳಕ್ಕೆ ಇರುವವರು, ತಿಂಗಳುಗಟ್ಟಲೆ ಒಟ್ಟಿಗೆ ಇದ್ದು ಕಲಿಯುವವರು. ಒಂದು ಹಳ್ಳಿ ಇಷ್ಟು ವರ್ಷ ಇದನ್ನು ನಡೆಸಿದೆ ಅಂದರೆ, ಇಷ್ಟು ದೊಡ್ಡ ದಾವಣಗೆರೆಗೆ ಯಾಕೆ ಆಗುವುದಿಲ್ಲ?

ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆ ಯಾವಾಗ ಅಂತ ತಿಳಿದುಕೊಳ್ಳಿ. ಪೇಟೆಯಲ್ಲಿದ್ದರೆ ವಾರ್ಡಿನ ಸದಸ್ಯರನ್ನು ಹಿಡಿಯಿರಿ. ಮೂರೇ ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಲೈಬ್ರರಿ ಸಂಜೆ ಆರರಿಂದ ಒಂಬತ್ತರವರೆಗೆ ತೆರೆದಿರುತ್ತದಾ? ಅಲ್ಲಿ ಯಾರಿರುತ್ತಾರೆ? ಅವರಿಗೆ ಸಂಬಳ ಎಷ್ಟು, ಯಾವ ಲೆಕ್ಕದಿಂದ? ಬಂದ ಉತ್ತರ ನನಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರು ಹೇಳಿಯೇ ಓದುತ್ತೇನೆ.