ಮಗುವಿಗೂ ಅದೇ ಬೆಲೆ

ಎಲ್ಲರಿಗೂ ನಮಸ್ಕಾರ. ಜರ್ಮನ್ ತತ್ವಜ್ಞಾನಿ ಕಾಂಟ್ ಹೆಸರು ಕೇಳಿದ ಕೂಡಲೇ ಹಿಂದಿನ ಸಾಲಿನವರು ಗಡಿಯಾರ ನೋಡುತ್ತಾರೆ, ಗೊತ್ತು. ಅದಕ್ಕೇ ಅಂಗಡಿಯಿಂದ ಶುರು ಮಾಡುತ್ತೇನೆ.

ಬೆಲೆ ತಿಳಿಯದ ಮಗು ಸಾಮಾನಿಗೆ ಬಂದಿದೆ. ಅಂಗಡಿಯವನು ಒಂದು ಕಾಸೂ ಜಾಸ್ತಿ ತೆಗೆದುಕೊಳ್ಳಲಿಲ್ಲ. ಒಳ್ಳೆಯವನು, ಅಲ್ವಾ? 1785ರ ತನ್ನ ಸಣ್ಣ ಪುಸ್ತಕದಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಇಲ್ಲೇ ತಡೆದು ಕೇಳುತ್ತಾನೆ: ಯಾಕೆ ತೆಗೆದುಕೊಳ್ಳಲಿಲ್ಲ? ಹೆಸರು ಕೆಟ್ಟರೆ ಗಿರಾಕಿ ತಪ್ಪುತ್ತಾರೆ ಅಂತಲೋ? ಹಾಗಾದರೆ ಅದು ವ್ಯಾಪಾರದ ಜಾಣತನ. ಕೆಲಸ ಸರಿ, ಆದರೆ ನೀತಿಯ ಲೆಕ್ಕಕ್ಕೆ ಸೇರುವುದಿಲ್ಲ. ಲಾಭ ಬರಲಿ ಬಿಡಲಿ, ಮೋಸ ಮಾಡಬಾರದು ಅಂತಲೇ ಮಾಡದಿದ್ದರೆ ಮಾತ್ರ ಸೇರುತ್ತದೆ.

ಕಾಂಟ್ ಹುಟ್ಟಿ ಬೆಳೆದದ್ದು ಪ್ರಶಿಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಈಗ ಅದು ರಷ್ಯಾದ ಕಲಿನಿನ್‌ಗ್ರಾಡ್. ಅಪ್ಪನದು ಕುದುರೆಗೆ ಕಟ್ಟುವ ಚರ್ಮದ ಪಟ್ಟಿ ಹೊಲಿಯುವ ಕಸುಬು. ಅಂಗಡಿ, ಸಾಲ ಅವನ ಉದಾಹರಣೆಗಳಲ್ಲಿ ಸುಮ್ನೆ ಬಂದಿಲ್ಲ ಅಂತ ನನ್ನ ಊಹೆ.

ಸಾಲದ ವಿಷಯ ನೋಡಿ. ಒಬ್ಬನಿಗೆ ಕೈಗಡ ಬೇಕು. ತೀರಿಸಲಾಗದು ಅಂತ ಅವನಿಗೇ ಗೊತ್ತು. ಆದರೂ ‘ಬೇಗ ಕೊಡ್ತೀನಿ’ ಅನ್ನುತ್ತಾನೆ. ಕಾಂಟ್ ಹೇಳುವುದು ಇಷ್ಟೇ: ನೀನು ಮಾಡುತ್ತಿರುವುದನ್ನು ಎಲ್ಲರಿಗೂ ನಿಯಮ ಮಾಡಿ ನೋಡು. ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಎಲ್ಲರೂ ಹೀಗೆ ಮಾಡಿದರೆ ಊರು ಹಾಳಾಗುತ್ತೆ’ ಅನ್ನುವ ಮಾತಲ್ಲ ಇದು. ಎಲ್ಲರೂ ಹಾಗೆ ಮಾತು ಕೊಡುತ್ತಿದ್ದರೆ ಮಾತನ್ನೇ ಯಾರೂ ನಂಬುವುದಿಲ್ಲ, ನಕ್ಕು ಕಳಿಸುತ್ತಾರೆ. ಉಳಿದವರು ಮಾತಿಗೆ ನಿಂತಿದ್ದಾರೆ ಅಂತಲೇ ಇವನ ಸುಳ್ಳು ನಡೆಯುತ್ತದೆ. ಎಲ್ಲರಿಗೂ ಇರುವ ನಿಯಮದಿಂದ ತನಗೊಬ್ಬನಿಗೆ ರಿಯಾಯಿತಿ ಕೇಳುತ್ತಿದ್ದಾನೆ.

ಮನುಷ್ಯರನ್ನು ಬರೀ ಸಾಧನವಾಗಿ ಬಳಸಬೇಡ ಅನ್ನುವುದು ಅವನ ಇನ್ನೊಂದು ಮಾತು. ‘ಬರೀ’ ಮುಖ್ಯ. ಬಸ್ ಡ್ರೈವರ್ ನಮ್ಮನ್ನು ಊರು ಮುಟ್ಟಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಆ ಕೆಲಸ ಅವರು ಒಪ್ಪಿ ಮಾಡುತ್ತಿದ್ದಾರೆ. ಸಾಲ ಕೊಟ್ಟವನಿಗೆ ನಿಜ ಗೊತ್ತಿದ್ದರೆ ಒಪ್ಪುತ್ತಿದ್ದನೇ?

ಈಗ ಕಷ್ಟದ ಜಾಗ. ಗೆಳೆಯ ನಿಮ್ಮ ಮನೆಯೊಳಗೆ ಅಡಗಿದ್ದಾನೆ. ಕೊಲೆಗಾರ ಬಾಗಿಲಿಗೆ ಬಂದು ‘ಒಳಗಿದ್ದಾನಾ?’ ಅನ್ನುತ್ತಾನೆ. 1797ರಲ್ಲಿ ಫ್ರೆಂಚ್ ಚಿಂತಕ ಬೆಂಜಮಿನ್ ಕಾನ್‌ಸ್ಟಂಟ್‌ಗೆ ಉತ್ತರ ಬರೆಯುತ್ತಾ ಕಾಂಟ್, ಆಗಲೂ ಸುಳ್ಳು ಹೇಳಬಾರದು ಅಂದ. ನನಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ನಾನಾದರೆ ಸುಳ್ಳೇ ಹೇಳುತ್ತೇನೆ.

1930ರಲ್ಲಿ ಆಕ್ಸ್‌ಫರ್ಡಿನ ತತ್ವಜ್ಞಾನಿ ಡಬ್ಲ್ಯು. ಡಿ. ರಾಸ್ ಇದಕ್ಕೊಂದು ದಾರಿ ತೋರಿಸಿದ. ಕರ್ತವ್ಯ ಒಂದೇ ಅಲ್ಲ, ಹಲವು. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವುದು ಮೇಲು ಅಂತ ಪಟ್ಟಿ ಕೊಡಲು ಬರುವುದಿಲ್ಲ, ಆಯಾ ಹೊತ್ತಿಗೆ ತೂಗಿ ನೋಡಬೇಕು. ಗೆಳೆಯನಿಗೆ ಸಂಜೆ ಬರುತ್ತೇನೆ ಅಂದಿದ್ದಿರಿ, ದಾರಿಯಲ್ಲಿ ಗಾಯಾಳು ಸಿಕ್ಕ, ಆಸ್ಪತ್ರೆಗೆ ಹೋದಿರಿ. ಮಾಡಿದ್ದು ಸರಿ. ಆದರೂ ಮಾರನೆಯ ದಿನ ಫೋನ್ ಮಾಡಿ, ‘ಬೇಜಾರು ಮಾಡ್ಕೋಬೇಡ, ಬರೋಕಾಗಲಿಲ್ಲ’ ಅನ್ನುತ್ತೀರಿ. ತಪ್ಪು ಮಾಡದೆ ಇದ್ದರೂ ಯಾಕೆ ಹಾಗನ್ನುತ್ತೀರಿ? ಕೊಟ್ಟ ಮಾತಿನ ಬಾಕಿ ಇನ್ನೂ ಇದೆ ಅಂತಾನೆ ರಾಸ್.